ಸಾಂಬ್ರಾದಿಂದ ಡಿಬ್ರುಗಢ: ಮೊಬೈಲ್‌ನ ಮೂರೂವರೆ ತಾಸು ನಂಬಬ್ಯಾಡ್ರಿ

ಪ್ರಶ್ನೆ: ಸರ್, ನಮ್ಮ ಹುಡುಗ ಮಿಲಿಟರಿಯೊಳಗ ಅದಾನ್ರಿ, ಆಸಾಮದ ಡಿಬ್ರುಗಢಕ್ಕ ಪೋಸ್ಟಿಂಗ್ ಆಗೇದ. ಡಿಸೆಂಬರ್‌ದಾಗ ನಾವೂ ಹೋಗಿ ಬರೋಣಂತ. ಬೆಳಗಾವಿಯ ಸಾಂಬ್ರಾ ಏರ್‌ಪೋರ್ಟ್‌ನಿಂದ 2,465 ಕಿ.ಮೀ., ವಿಮಾನದಾಗ ಮೂರೂವರೆ ತಾಸು ಅಂತ ಮೊಬೈಲ್ ತೋರಸ್ತದ, ಟಿಕೆಟ್ ನೋಡಿದ್ರ ಹತ್ತು ತಾಸಿನ ಮ್ಯಾಲ. ಯಾವುದು ಖರೆ? (ಗೋಕಾಕದ ಓದುಗರು)

ಉತ್ತರ: ಟಿಕೆಟ್‌ನ್ಯಾಗ ಇದ್ದದ್ದು ಖರೆರಿ. ಊರ ಹೆಸರು ಬದಲಾಗಿ ಇದ ಪ್ರಶ್ನೆ ಮತ್ತ ಮತ್ತ ಬರ್ತದ, ಅದಕ್ಕ ಈ ಸಲ ಪೂರಾ ಬರೀತೀನಿ. 2,465 ಅನ್ನೋದು ಭೂಮಿ ಮ್ಯಾಲ ಎರಡು ಏರ್‌ಪೋರ್ಟ್ ನಡುವ ಎಳೆದ ಅತೀ ಸಣ್ಣ ಗೆರಿ, ಅದು ಬಾಂಗ್ಲಾದೇಶದ ಮ್ಯಾಲಿಂದ ಹಾಯ್ತದ. ಅದನ್ನ ತಾಸಿಗೆ 800 ಕಿ.ಮೀ. ಅಂತ ಭಾಗಿಸಿ, ಏರೋದು ಇಳಿಯೋದಕ್ಕಂತ ಅರ್ಧ ತಾಸು ಕೂಡಿಸಿದ್ರ ಮೂರೂವರೆ ಆತು. ಆ ಗೆರಿ ಮ್ಯಾಲ ವಿಮಾನ ಓಡ್ತದೋ ಇಲ್ಲೋ ಅಂತ ಆ ಲೆಕ್ಕ ಕೇಳೂದ ಇಲ್ಲ. ಓಡೂದಿಲ್ಲ!

ನೀವು ಡೆಲ್ಲಿ ಮ್ಯಾಲ ಹೋದ್ರ ಮೊದಲ ಸುಮಾರು 1,435 ಕಿ.ಮೀ. ಬಡಗಕ್ಕ, ಅಲ್ಲಿಂದ 1,760 ಮೂಡಣಕ್ಕ, ಒಟ್ಟು 3,200ರ ಹತ್ತರ. ಬೆಂಗಳೂರ ಮ್ಯಾಲ ಹೋದ್ರ 445 ಮತ್ತ 2,400, ಅಂದ್ರ ದೂರ ಕಡಿಮಿ, ಆದ್ರ ಬೆಂಗಳೂರಿಗೆ ನಿಮಗ ಪಂಖದ ಸಣ್ಣ ವಿಮಾನ, ಎಟಿಆರ್, ಸಿಕ್ರ ಅದರ ಸ್ಪೀಡ್ ತಾಸಿಗೆ 500 ಅಷ್ಟ, ಮತ್ತ ಮುಂದಿನ ವಿಮಾನಕ್ಕ ಎಷ್ಟು ತಾಸು ಕಾಯಬೇಕು ಅನ್ನೋದರ ಮ್ಯಾಲ ಎಲ್ಲಾ ನಿಂತದ. ಹಿಂಗಾಗಿ ಕಿಲೋಮೀಟರ್ ಬಿಡ್ರಿ, ನಡುವ ಕಾಯೋ ತಾಸು ನೋಡ್ರಿ.

ನನಗ ಸಿಟ್ಟು ಬರೋದು ವಾಟ್ಸಾಪ್ ಏಜೆಂಟರ ಮ್ಯಾಲ. ನಾಕು ದುಡ್ಡು ಉಳಿಸಿಕೊಡ್ತೀನಿ ಅಂತ ಎರಡು ಬ್ಯಾರೆ ಬ್ಯಾರೆ ಟಿಕೆಟ್ ಮಾಡಿ ಕೈಗೆ ಕೊಡ್ತಾರ. ಮೊದಲನೇ ವಿಮಾನ ಲೇಟ್ ಆತಂದ್ರ ಎರಡನೇದರ ರೊಕ್ಕ ಹೋತು, ಯಾರೂ ಜವಾಬ್ದಾರಿ ತಗೊಳ್ಳೂದಿಲ್ಲ, ವಯಸ್ಸಾದ ತಾಯಿ ತಂದಿ ಬ್ಯಾಗ್ ಹಿಡ್ಕೊಂಡು ಡೆಲ್ಲಿಯೊಳಗ ಕೂಡಬೇಕಾಗ್ತದ, ಇದು ಅನ್ಯಾಯರಿ. ಒಂದ ಪಿಎನ್‌ಆರ್ ಮ್ಯಾಲ ಪೂರಾ ಟಿಕೆಟ್ ಇರಲಿ, ಲಗೇಜ್ ಡಿಬ್ರುಗಢದ ತನಕ ಟ್ಯಾಗ್ ಆಗೇದ ಅಂತ ಸಾಂಬ್ರಾ ಕೌಂಟರ್‌ನ್ಯಾಗ ಚೀಟಿ ನೋಡ್ರಿ. ಡಿಸೆಂಬರ್ ಜನವರಿಯೊಳಗ ಡೆಲ್ಲಿ ಮಂಜು ನಂಬೂ ಹಂಗಿಲ್ಲ, ಆ ದಿನದಾಗ ಮೂರು ತಾಸಿಗಿಂತ ಕಡಿಮಿ ಗ್ಯಾಪ್ ಇದ್ರ ನಾನಂತೂ ಟಿಕೆಟ್ ಮಾಡಂಗಿಲ್ಲ, ಬೆಂಗಳೂರ ಮ್ಯಾಲ ಕಳಸ್ತೀನಿ.

ಇನ್ನೊಂದು, ಅಲ್ಲಿ ಡಿಸೆಂಬರ್‌ದಾಗ ಸಂಜಿ ನಾಕೂವರೆ ಒಳಗ ಹೊತ್ತು ಮುಳುಗ್ತದ. ಗಡಿಯಾರ ಒಂದ, ಆದ್ರ ಡಿಬ್ರುಗಢ ನಮಗಿಂತ 20 ಡಿಗ್ರಿ ಮೂಡಣಕ್ಕದ. ಮಧ್ಯಾಹ್ನದೊಳಗ ಇಳಿಯೋ ವಿಮಾನ ಹಿಡೀರಿ.

ಪ್ರಶ್ನೆ: ಭೂಮಿ ಮೂಡಣಕ್ಕ ತಿರುಗ್ತದ, ಅದಕ್ಕ ಆಸಾಮದಿಂದ ವಾಪಸ್ ಬರೋದು ಲಗೂ ಆಗ್ತದಂತಲ್ಲ?

ಉತ್ತರ: ಸುಳ್ಳು. ಗಾಳಿನೂ ಭೂಮಿ ಜೋಡಿನ ತಿರುಗ್ತದ. ಚಳಿಗಾಲದಾಗ ಉತ್ತರ ಭಾರತದ ಮ್ಯಾಲ ಎತ್ತರದಾಗ ಪಡುವಣದಿಂದ ಮೂಡಣಕ್ಕ ಜೋರ ಗಾಳಿ ಬೀಸ್ತದ, ಹಂಗಾಗಿ ಡಿಬ್ರುಗಢದಿಂದ ಡೆಲ್ಲಿಗೆ ಬರೋದ ತಡಾ.

ಪ್ರಶ್ನೆ: ಒಂದು ಕಡೆ 2,465, ಇನ್ನೊಂದು ಕಡೆ 1,331 ಅದ?

ಉತ್ತರ: ಎರಡನೇದು ನಾಟಿಕಲ್ ಮೈಲು, ವಿಮಾನ ಹಡಗಿನವರು ದೂರ ಅಳಿಯೋ ಮೈಲು. 1.852ರಿಂದ ಗುಣಿಸ್ರಿ, ಕಿ.ಮೀ. ಬರ್ತದ.

ಪ್ರಶ್ನೆ: ಬಾಗಲಕೋಟಿಯವರಿಗೆ ಸಾಂಬ್ರಾ ಬರೋಬ್ಬರಿನೋ ಹುಬ್ಬಳ್ಳಿನೋ?

ಉತ್ತರ: ರಸ್ತೆ ಹುಬ್ಬಳ್ಳಿಗೆ ಹತ್ತರ. ಆದ್ರ ಶೆಡ್ಯೂಲ್ ಮಾರ್ಚ್ ಕಡೀ ಐತವಾರ, ಅಕ್ಟೋಬರ್ ಕಡೀ ಐತವಾರ ಬದಲಾಗ್ತದ, ಹೋದ ವರ್ಷದ ಟೈಮ್ ಹಿಡ್ಕೊಂಡು ಹೊಂಡಬ್ಯಾಡ್ರಿ.