ಮನೆಯ ಕಂಪ್ಯೂಟರಿನಲ್ಲೂ ದಿನಾ ಒಟಿಪಿ ಕೇಳುತ್ತಿದ್ದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮನೆಯ ಡೆಸ್ಕ್‌ಟಾಪ್, ವಿಂಡೋಸ್ 11, ನಿಮ್ಮನ್ನು ಬಿಟ್ಟು ಬೇರೆ ಯಾರೂ ಮುಟ್ಟುವುದಿಲ್ಲ. ಜಿಮೇಲ್‌ಗೆ ಲಾಗಿನ್ ಆಗುವಾಗ ‘ಈ ಸಾಧನದಲ್ಲಿ ಮತ್ತೆ ಕೇಳಬೇಡಿ’ ಅನ್ನುವ ಚೌಕಕ್ಕೆ ಟಿಕ್ ಹಾಕುತ್ತೀರಿ. ಆದರೂ ಮರುದಿನ ಬೆಳಿಗ್ಗೆ ಮತ್ತೆ ಪಾಸ್‌ವರ್ಡ್, ಮತ್ತೆ ಒಟಿಪಿ. ಬ್ಯಾಂಕಿನದೂ ಹಾಗೇ, ಆಫೀಸ್ ಮೇಲ್‌ನದೂ ಹಾಗೇ. ಈ ಎರಡನೇ ಹಂತದ ಪರಿಶೀಲನೆಯನ್ನೇ ತೆಗೆದುಬಿಡಲೇ ಎಂದು ಕೇಳಿದ್ದೀರಿ.

ತೆಗೆಯಬೇಡಿ. ಮೂರೂ ಒಂದೇ ಕಾಟದಂತೆ ಕಂಡರೂ ಮೂರರ ಕಾರಣ ಬೇರೆ ಬೇರೆ. ಜಿಮೇಲ್‌ನದು ಹೆಚ್ಚಾಗಿ ನಿಮ್ಮ ಬ್ರೌಸರಿನ ಒಳಗಿನ ತೊಂದರೆ, ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ. ಬ್ಯಾಂಕಿನದು ನಿಮ್ಮ ಕೈಯಲ್ಲಿಲ್ಲ. ಆಫೀಸಿನದು ಅಲ್ಲಿನ ಐಟಿಯವರ ಕೈಯಲ್ಲಿದೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಆ ಚೌಕಕ್ಕೆ ಟಿಕ್ ಹಾಕಿದರೆ ಸೈಟು ನಿಮ್ಮ ಕಂಪ್ಯೂಟರನ್ನು ನೆನಪಿಟ್ಟುಕೊಳ್ಳುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಅದಕ್ಕೆ ಕಂಪ್ಯೂಟರಿನ ಗುರುತು ಸಿಗುವುದೇ ಇಲ್ಲ. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಲ್ಲಿ ಮುಖ ನೋಡಿ ಚಪ್ಪಲಿ ಕೊಡುವುದಿಲ್ಲ, ಟೋಕನ್ ನೋಡಿ ಕೊಡುತ್ತಾರೆ. ಇಲ್ಲೂ ಹಾಗೇ. ಸೈಟು ನಿಮ್ಮ ಬ್ರೌಸರಿಗೆ ಒಂದು ಟೋಕನ್ ಕೊಡುತ್ತದೆ, ಅದೇ ಕುಕೀ. ಮುಂದಿನ ಸಲ ಬ್ರೌಸರ್ ಆ ಟೋಕನ್ ತೋರಿಸಿದರೆ ಒಳಗೆ ಬಿಡುತ್ತದೆ, ಇಲ್ಲದಿದ್ದರೆ ನೀವು ಹೊಸಬರು. ಕ್ರೋಮ್‌ನಲ್ಲಿ ಟಿಕ್ ಹಾಕಿ ಎಡ್ಜ್‌ನಲ್ಲಿ ತೆರೆದರೆ ಮತ್ತೆ ಕೇಳುವುದು ಇದೇ ಕಾರಣಕ್ಕೆ. ಕ್ರೋಮ್‌ನಲ್ಲೇ ಎರಡು ಪ್ರೊಫೈಲ್ ಇದ್ದರೂ ಒಂದರ ಟೋಕನ್ ಇನ್ನೊಂದಕ್ಕೆ ಸಿಗುವುದಿಲ್ಲ. ಇನ್‌ಕಾಗ್ನಿಟೋ ಮತ್ತು ಗೆಸ್ಟ್ ಕಿಟಕಿಗಳು ಮುಚ್ಚಿದ ಕ್ಷಣ ಟೋಕನ್ ಎಸೆಯುತ್ತವೆ.

ಹಾಗಾಗಿ ಪತ್ತೆ ಮಾಡಬೇಕಾದದ್ದು ಒಂದೇ: ಟೋಕನ್ ನಿಮ್ಮ ಕಡೆ ಕಳೆದುಹೋಗುತ್ತಿದೆಯೋ, ಅಥವಾ ಟೋಕನ್ ಇದ್ದರೂ ಸೈಟು ಒಪ್ಪುತ್ತಿಲ್ಲವೋ? ಇದು ಗೊತ್ತಾಗದೆ ಸೆಟ್ಟಿಂಗ್‌ಗಳನ್ನೆಲ್ಲ ತಡಕಾಡಿದರೆ ದಿನವೆಲ್ಲ ಹಾಳು.

ಕ್ರೋಮ್ ಅಥವಾ ಎಡ್ಜ್‌ನಲ್ಲಿ ಟಿಕ್ ಹಾಕಿ ಲಾಗಿನ್ ಆಗಿ. ಅದೇ ಪುಟದಲ್ಲಿ ಎಫ್12 ಒತ್ತಿ, ಮೇಲಿನ ಸಾಲಿನಲ್ಲಿ ‘ಅಪ್ಲಿಕೇಶನ್’ ಆರಿಸಿ, ಎಡಗಡೆ ‘ಕುಕೀಸ್’ ಬಿಡಿಸಿ ಸೈಟಿನ ಹೆಸರು ಒತ್ತಿ. ಫೈರ್‌ಫಾಕ್ಸ್‌ನಲ್ಲಾದರೆ ಅದು ‘ಸ್ಟೋರೇಜ್’ ಎಂಬ ಹೆಸರಿನಲ್ಲಿದೆ. ಒಂದು ಪಟ್ಟಿ ಬರುತ್ತದೆ. ಅದರಲ್ಲಿ ‘ಎಕ್ಸ್‌ಪೈರ್ಸ್’ ಕಾಲಂ ನೋಡಿ. ಕೆಲವು ಸಾಲಿನಲ್ಲಿ ‘ಸೆಷನ್’ ಎಂದಿರುತ್ತದೆ, ಅವು ಬ್ರೌಸರ್ ಮುಚ್ಚುವವರೆಗೆ ಮಾತ್ರ ಬದುಕುತ್ತವೆ. ಕೆಲವದರಲ್ಲಿ ಮುಂದಿನ ವರ್ಷದ ತಾರೀಖು ಇರುತ್ತದೆ. ಆ ಸಮಯ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದ ಲೆಕ್ಕದ್ದು, ನಮ್ಮ ಗಡಿಯಾರಕ್ಕೆ ಹೊಂದಿಸಲು ಐದೂವರೆ ಗಂಟೆ ಸೇರಿಸಿಕೊಳ್ಳಿ. ದೂರದ ತಾರೀಖಿರುವ ನಾಲ್ಕೈದು ಸಾಲುಗಳ ಹೆಸರನ್ನು ಮಾತ್ರ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಈಗ ಬ್ರೌಸರಿನ ಎಲ್ಲ ಕಿಟಕಿಗಳನ್ನೂ ಮುಚ್ಚಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಅದೇ ಸೈಟಿಗೆ ಹೋಗಿ. ಲಾಗಿನ್ ಪುಟ ಬಂದರೂ ಚಿಂತೆಯಿಲ್ಲ, ಏನೂ ಟೈಪ್ ಮಾಡದೆ ಮತ್ತೆ ಅದೇ ಪಟ್ಟಿ ನೋಡಿ. ಬರೆದಿಟ್ಟ ಹೆಸರುಗಳು ಇಲ್ಲವೆಂದರೆ ಕಳ್ಳ ಮನೆಯೊಳಗೇ ಇದ್ದಾನೆ. ಇದ್ದೂ ಕೇಳುತ್ತಿದೆ ಎಂದರೆ ನಿರ್ಧಾರ ಸೈಟಿನದು.

ಹೆಸರುಗಳು ಮಾಯವಾಗಿದ್ದರೆ ಮೊದಲ ಅನುಮಾನ ಬ್ರೌಸರಿನ ಸೆಟ್ಟಿಂಗ್ ಮೇಲೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ಅಡಿಷನಲ್ ಕಂಟೆಂಟ್ ಸೆಟ್ಟಿಂಗ್ಸ್, ಆನ್-ಡಿವೈಸ್ ಸೈಟ್ ಡೇಟಾ. ಅಷ್ಟು ಒಳಗೆ ಹೂತಿಟ್ಟಿದ್ದಾರೆ. ಅಲ್ಲಿ ‘ಎಲ್ಲ ಕಿಟಕಿ ಮುಚ್ಚಿದಾಗ ಸೈಟುಗಳ ಡೇಟಾ ಅಳಿಸು’ ಎಂಬ ಅರ್ಥದ ಆಯ್ಕೆ ಆನ್ ಆಗಿದ್ದರೆ ಸಿಕ್ಕಿತು ಅನ್ನಿ. ಅದು ನಿಮಗೆ ಬೇಕೇ ಬೇಕಿದ್ದರೆ ಹಾಗೇ ಇರಲಿ, ಕೆಳಗಿನ ವಿನಾಯಿತಿ ಪಟ್ಟಿಗೆ ಗೂಗಲ್ ಡಾಟ್ ಕಾಮ್ ಸೇರಿಸಿ. ಎಡ್ಜ್‌ನಲ್ಲಿ ಇದು ಪ್ರೈವೆಸಿ ವಿಭಾಗದ ‘ಬ್ರೌಸರ್ ಮುಚ್ಚಿದಾಗಲೆಲ್ಲ ಏನು ಅಳಿಸಬೇಕು’ ಎಂಬಲ್ಲಿದೆ, ಕುಕೀಸ್ ಎದುರಿನ ಸ್ವಿಚ್ ಆಫ್ ಇರಬೇಕು. ಫೈರ್‌ಫಾಕ್ಸ್‌ನಲ್ಲಿ ಎರಡು ಕಡೆ ನೋಡಬೇಕು: ‘ಫೈರ್‌ಫಾಕ್ಸ್ ಮುಚ್ಚಿದಾಗ ಕುಕೀ ಅಳಿಸು’ ಎಂಬುದು ಒಂದು, ಹಿಸ್ಟರಿ ವಿಭಾಗದಲ್ಲಿ ‘ನೆವರ್ ರಿಮೆಂಬರ್ ಹಿಸ್ಟರಿ’ ಇನ್ನೊಂದು. ಎರಡನೆಯದನ್ನು ಆರಿಸಿದ್ದರೆ ಫೈರ್‌ಫಾಕ್ಸ್ ಸದಾ ಖಾಸಗಿ ಕಿಟಕಿಯಂತೆಯೇ ಓಡುತ್ತಿರುತ್ತದೆ. ಕಿಟಕಿ ನೋಡಿದರೆ ಗೊತ್ತಾಗುವುದಿಲ್ಲ, ಹಾಗಾಗಿ ಜನ ಇದನ್ನು ತಪ್ಪಿಸಿಕೊಳ್ಳುತ್ತಾರೆ.

ಬ್ರೌಸರ್ ಸರಿಯಾಗಿದ್ದರೆ ಹೊರಗಿನ ಸಾಫ್ಟ್‌ವೇರ್ ನೋಡಿ. ಸಿಕ್ಲೀನರ್‌ನಂಥವು, ಆ್ಯಂಟಿವೈರಸ್ ಜೊತೆಗೆ ಬರುವ ‘ಪ್ರೈವೆಸಿ ಕ್ಲೀನರ್’ಗಳು, ಕುಕೀ ಅಳಿಸುವ ಎಕ್ಸ್‌ಟೆನ್ಷನ್‌ಗಳು ದಿನಕ್ಕೊಮ್ಮೆ ಸದ್ದಿಲ್ಲದೆ ಕಸ ಗುಡಿಸುವ ನೆಪದಲ್ಲಿ ಟೋಕನ್‌ಗಳನ್ನೂ ಗುಡಿಸಿಹಾಕುತ್ತವೆ. ಸಿಕ್ಲೀನರ್‌ನಲ್ಲಿ ಉಳಿಸಿಕೊಳ್ಳಬೇಕಾದ ಕುಕೀಗಳ ಪಟ್ಟಿ ಇದೆ, ಅದಕ್ಕೆ ಸೇರಿಸಬಹುದು. ನನ್ನನ್ನು ಕೇಳಿದರೆ ಮನೆಯ ಕಂಪ್ಯೂಟರಿಗೆ ಇಂಥ ಕ್ಲೀನರ್‌ನ ಅಗತ್ಯವೇ ಇಲ್ಲ, ತೆಗೆದುಹಾಕಿ.

ಇನ್ನೊಂದು ಕಾರಣ ಸ್ವಲ್ಪ ಆಳದ್ದು. ಕ್ರೋಮ್ ಕುಕೀಗಳನ್ನು ಗೂಢಲಿಪಿಯಲ್ಲಿ ಇಡುತ್ತದೆ, ಅದರ ಬೀಗದ ಕೈ ವಿಂಡೋಸ್ ಬಳಿ ಇರುತ್ತದೆ, ಆ ಕೈ ನಿಮ್ಮ ವಿಂಡೋಸ್ ಪಾಸ್‌ವರ್ಡಿಗೆ ಕಟ್ಟಿದ್ದು. ಪಾಸ್‌ವರ್ಡ್ ಮರೆತು, ಬೇರೆಯವರಿಂದ ಬಲವಂತವಾಗಿ ರೀಸೆಟ್ ಮಾಡಿಸಿದ್ದರೆ ಹಳೆಯ ಕುಕೀಗಳು ಓದಲು ಬರುವುದಿಲ್ಲ, ಎಲ್ಲ ಸೈಟುಗಳಿಂದಲೂ ಒಟ್ಟಿಗೆ ಹೊರಬೀಳುತ್ತೀರಿ. ಅದು ಒಂದು ಸಲ ಆಗುವುದು. ದಿನಾ ಎಲ್ಲ ಸೈಟುಗಳಿಂದಲೂ ಹೊರಬೀಳುತ್ತಿದ್ದರೆ ಬ್ರೌಸರ್ ಪ್ರೊಫೈಲ್ ಕೆಟ್ಟಿರಬಹುದು. ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳನ್ನು ಸಿಂಕ್ ಮಾಡಿಕೊಂಡು ಹೊಸ ಪ್ರೊಫೈಲ್ ತೆರೆದು ಎರಡು ದಿನ ನೋಡಿ. ಸಿ ಡ್ರೈವ್ ತುಂಬಿ ಕೆಂಪು ಪಟ್ಟಿ ತೋರಿಸುತ್ತಿದ್ದರೆ ಮೊದಲು ಜಾಗ ಮಾಡಿ. ಕುಕೀಗಳು ಡಿಸ್ಕಿನ ಮೇಲಿನ ಒಂದು ಸಣ್ಣ ಡೇಟಾಬೇಸ್, ಜಾಗವಿಲ್ಲದಿದ್ದರೆ ಬರೆಯಲಾಗುವುದಿಲ್ಲ. ಲಿನಕ್ಸ್ ಬಳಸುವವರಾದರೆ ಪಾಸ್‌ವರ್ಡ್ ಇಲ್ಲದೆ ಆಟೋ ಲಾಗಿನ್ ಇಟ್ಟಾಗ ಕೀರಿಂಗ್ (ಬೀಗದ ಕೈಗಳನ್ನಿಡುವ ಪೆಟ್ಟಿಗೆ) ಬೀಗ ತೆರೆಯದೆ ಇದೇ ಗೋಳಾಗುತ್ತದೆ.

ಹಳೆಯ ಡೆಸ್ಕ್‌ಟಾಪ್ ಆಗಿದ್ದು ರಾತ್ರಿ ಗೋಡೆಯ ಸ್ವಿಚ್ ಆರಿಸುವ ಅಭ್ಯಾಸವಿದ್ದರೆ ಗಡಿಯಾರವನ್ನೂ ನೋಡಿ. ಮದರ್‌ಬೋರ್ಡಿನಲ್ಲಿ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆಯಾಕಾರದ ಸೆಲ್ ಇರುತ್ತದೆ. ಅದು ಸತ್ತರೆ ಕರೆಂಟ್ ತೆಗೆದಾಗಲೆಲ್ಲ ತಾರೀಖು ಹಳೆಯ ವರ್ಷಕ್ಕೆ ಹೋಗುತ್ತದೆ. ಆಗ ಬ್ರೌಸರಿಗೆ ಸೈಟು ಅಸಲಿ ಎಂದು ಸಾರುವ ಪ್ರಮಾಣಪತ್ರಗಳೇ ಸುಳ್ಳೆಂದು ಕಾಣುತ್ತವೆ, ಆ ಕಂಪ್ಯೂಟರಿನಲ್ಲೇ ಲಾಗಿನ್ ಕೋಡು ಹುಟ್ಟಿಸುವ ಆಥೆಂಟಿಕೇಟರ್ ಇಟ್ಟುಕೊಂಡಿದ್ದರೆ ಅದರ ಕೋಡುಗಳೂ ತಪ್ಪುತ್ತವೆ. ಆ 6 ಅಂಕಿಯ ಕೋಡು 30 ಸೆಕೆಂಡಿಗೊಮ್ಮೆ ಸಮಯದ ಲೆಕ್ಕದಿಂದಲೇ ಹುಟ್ಟುವುದು. ಸೆಲ್ ಬದಲಿಸಿ, ವಿಂಡೋಸ್ ಸೆಟ್ಟಿಂಗ್ಸ್‌ನ ‘ಡೇಟ್ ಆ್ಯಂಡ್ ಟೈಮ್’ನಲ್ಲಿ ‘ಸಿಂಕ್ ನೌ’ ಒತ್ತಿ.

ಪಟ್ಟಿಯಲ್ಲಿ ದೂರದ ತಾರೀಖಿನ ಸಾಲೇ ಇಲ್ಲದೆ ಎಲ್ಲವೂ ‘ಸೆಷನ್’ ಎಂದಿದ್ದರೆ ಸೈಟು ಬ್ರೌಸರ್ ಮುಚ್ಚುವವರೆಗೆ ಮಾತ್ರ ಟೋಕನ್ ಕೊಡುತ್ತಿದೆ ಎಂದರ್ಥ. ಅಂಥ ಕಡೆ ಕ್ರೋಮ್‌ನ ‘ಆನ್ ಸ್ಟಾರ್ಟಪ್’ ವಿಭಾಗದಲ್ಲಿ ‘ನಿಲ್ಲಿಸಿದಲ್ಲಿಂದ ಮುಂದುವರಿಸು’ ಆರಿಸಿದರೆ ಸೆಷನ್ ಕುಕೀಗಳೂ ಉಳಿಯುತ್ತವೆ. ಎಷ್ಟೇ ದೀರ್ಘದ ಟೋಕನ್ ಆದರೂ ಕ್ರೋಮ್ 2022ರಿಂದ 400 ದಿನಕ್ಕಿಂತ ಹೆಚ್ಚು ಇಡುವುದಿಲ್ಲ, ಸೈಟು ನಡುವೆ ನವೀಕರಿಸಿದರೆ ಮಾತ್ರ ಮುಂದುವರಿಯುತ್ತದೆ. ಆ್ಯಪಲ್ ಸಫಾರಿ ಇನ್ನೂ ಬಿಗಿ: ಪುಟದ ಸ್ಕ್ರಿಪ್ಟ್ ಬರೆದ ಕುಕೀಗಳಿಗೆ 7 ದಿನವೇ ಮಿತಿ. ಮ್ಯಾಕ್‌ನಲ್ಲಿ ಕೆಲವು ಸೈಟು ವಾರಕ್ಕೊಮ್ಮೆ ಕೇಳಿದರೆ ಕಾರಣ ಇದಿರಬಹುದು.

ಈಗ ಇನ್ನೊಂದು ಕವಲು: ಟೋಕನ್ ಇದೆ, ಆದರೂ ಕೇಳುತ್ತಿದೆ. ಹೆಚ್ಚಾಗಿ ವಿಪಿಎನ್ ಕಾರಣ, ಅಂದರೆ ನಿಮ್ಮ ಇಂಟರ್ನೆಟ್ ಸಂಪರ್ಕವನ್ನು ಬೇರೆ ಊರಿನ ಸರ್ವರ್ ಮೂಲಕ ಸಾಗಿಸುವ ಸಾಫ್ಟ್‌ವೇರ್. ಬೆಳಿಗ್ಗೆ ಬೆಂಗಳೂರು, ಮಧ್ಯಾಹ್ನ ಸಿಂಗಾಪುರ ಎಂದು ಕಂಡರೆ ಸೈಟು ಅನುಮಾನಿಸಲೇಬೇಕು, ಅದು ಅದರ ತಪ್ಪಲ್ಲ. ಕರೆಂಟ್ ಹೋಗಿ ರೂಟರ್ ರೀಸ್ಟಾರ್ಟ್ ಆದರೆ ಇಂಟರ್ನೆಟ್ಟಿನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಐಪಿ ವಿಳಾಸ ಬದಲಾಗಬಹುದು, ಅಷ್ಟಕ್ಕೇ ದೊಡ್ಡ ಸೈಟುಗಳು ಸಾಮಾನ್ಯವಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಬ್ರಾಡ್‌ಬ್ಯಾಂಡ್ ಕೈಕೊಟ್ಟು ಮೊಬೈಲ್ ಹಾಟ್‌ಸ್ಪಾಟ್‌ಗೆ ಹೋದಾಗ ಬೇರೆ ರಾಜ್ಯದ ಊರು ತೋರಿಸಿದರೆ ಒಮ್ಮೆ ಕೇಳಬಹುದು. ಬ್ರೌಸರಿನ ಗುರುತು ಮರೆಮಾಚುವ ಎಕ್ಸ್‌ಟೆನ್ಷನ್‌ಗಳೂ ಇದೇ ಅನುಮಾನ ಹುಟ್ಟಿಸುತ್ತವೆ. ವಿಪಿಎನ್, ಇಂಥ ಎಕ್ಸ್‌ಟೆನ್ಷನ್ ಎಲ್ಲ ಆಫ್ ಮಾಡಿ ಒಂದು ವಾರ ನೋಡಿ. ಪಾಸ್‌ವರ್ಡ್ ಬದಲಿಸಿದ್ದರೆ, ಅಥವಾ ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ನಂಬಿಕೆಯ ಸಾಧನಗಳನ್ನೆಲ್ಲ ರದ್ದು ಮಾಡಿದ್ದರೆ, ಹಳೆಯ ಟೋಕನ್‌ಗೆ ಬೆಲೆಯಿಲ್ಲ. ಮತ್ತೊಮ್ಮೆ ಟಿಕ್ ಹಾಕಿದರೆ ಸಾಕು.

ಬ್ಯಾಂಕಿನ ಮಾತು ಬೇರೆ. ನೆಟ್ ಬ್ಯಾಂಕಿಂಗ್ ಸೆಷನ್ ಕೆಲವು ನಿಮಿಷ ಸುಮ್ಮನಿದ್ದರೆ ಮುಚ್ಚಿಹೋಗುವಂತೆಯೇ ಕಟ್ಟಿರುತ್ತಾರೆ. ಆನ್‌ಲೈನ್ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣ ಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2009ರಿಂದಲೇ ಇದೆ. 2025ರ ಸೆಪ್ಟೆಂಬರಿನಲ್ಲಿ ಹೊರಟು 2026ರ ಏಪ್ರಿಲ್ 1ರಿಂದ ಜಾರಿ ಎಂದ ಹೊಸ ನಿರ್ದೇಶನವೂ ಡಿಜಿಟಲ್ ಪಾವತಿಗೆ ಕನಿಷ್ಠ ಎರಡು ಅಂಶದ ದೃಢೀಕರಣ ಕೇಳುತ್ತದೆ, ಆದರೆ ಎಸ್ಎಂಎಸ್ ಒಟಿಪಿಯೇ ಆಗಬೇಕೆಂದಿಲ್ಲ. ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಬೆರಳಚ್ಚಿನ ಅನುಮೋದನೆ ಇದ್ದರೆ ಅದಕ್ಕೆ ಬದಲಾಯಿಸಿ. ಅಂಗಡಿ, ವ್ಯಾಪಾರ ಇರುವವರಿಗೂ ಒಂದು ಮಾತು: ಸರಕು ಸಾಗಣೆಯ ಇ-ವೇ ಬಿಲ್ ಸೈಟಿಗೆ ಲಾಗಿನ್ ಆಗಲು 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಎರಡು ಹಂತ ಕಡ್ಡಾಯ. ಎಸ್ಎಂಎಸ್‌ಗೆ ಕಾಯುವ ಬದಲು ಎನ್‌ಐಸಿ-ಜಿಎಸ್‌ಟಿ-ಶೀಲ್ಡ್ ಆ್ಯಪ್ ಹಾಕಿಕೊಳ್ಳಿ, ಅದು ನೆಟ್‌ವರ್ಕ್ ಇಲ್ಲದೆಯೂ ಕೋಡು ಕೊಡುತ್ತದೆ.

ಆಫೀಸ್ ಮೇಲ್ ಮೈಕ್ರೋಸಾಫ್ಟ್‌ನದಾದರೆ ಎಷ್ಟು ದಿನಕ್ಕೊಮ್ಮೆ ಕೇಳಬೇಕು ಎಂಬುದನ್ನು ನಿಮ್ಮ ಸಂಸ್ಥೆಯ ಅಡ್ಮಿನ್ ನಿಗದಿ ಮಾಡುತ್ತಾರೆ. ಮನೆಯಿಂದ ನೀವು ಏನು ಮಾಡಿದರೂ ಅದು ಬದಲಾಗದು. ‘ಸೈನ್-ಇನ್ ಫ್ರೀಕ್ವೆನ್ಸಿ ಎಷ್ಟಕ್ಕೆ ಇಟ್ಟಿದ್ದೀರಿ?’ ಎಂದು ಅದೇ ಪದದಲ್ಲಿ ಐಟಿಯವರನ್ನು ಕೇಳಿ. ‘ಮತ್ತೆ ಮತ್ತೆ ಕೇಳುತ್ತಿದೆ’ ಎಂದು ದೂರು ಕೊಟ್ಟರೆ ಕುಕೀ ಅಳಿಸಿ ಎಂಬ ಉತ್ತರ ಬರುತ್ತದೆ, ಅದು ಗಾಯಕ್ಕೆ ಉಪ್ಪು.

ಎರಡನೇ ಹಂತ ತೆಗೆಯಬೇಡಿ ಎಂದೆನಲ್ಲ, ಅದರ ಬದಲು ಪಾಸ್‌ಕೀ ಮಾಡಿಕೊಳ್ಳಿ, ಅಂದರೆ ಪಾಸ್‌ವರ್ಡಿನ ಜಾಗದಲ್ಲಿ ನಿಮ್ಮ ಸಾಧನವೇ ಇಟ್ಟುಕೊಳ್ಳುವ ಡಿಜಿಟಲ್ ಬೀಗದ ಕೈ. ನಿಮ್ಮ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಇದೇ. ಗೂಗಲ್ 2023ರ ಮೇ ತಿಂಗಳಿಂದ ಇದನ್ನು ಎಲ್ಲರ ಖಾತೆಗೂ ಕೊಟ್ಟಿದೆ. ಮೊದಲು ವಿಂಡೋಸ್ ಹಲೋದಲ್ಲಿ (ಪಿನ್, ಬೆರಳಚ್ಚು, ಮುಖದಿಂದ ಲಾಗಿನ್ ಆಗುವ ವಿಂಡೋಸ್‌ನ ಸೌಲಭ್ಯ) ಪಿನ್ ಇಟ್ಟುಕೊಳ್ಳಿ. ಆಮೇಲೆ ಗೂಗಲ್ ಖಾತೆಯ ಸೆಕ್ಯುರಿಟಿ ವಿಭಾಗದಲ್ಲಿ ‘ಪಾಸ್‌ಕೀಸ್ ಆ್ಯಂಡ್ ಸೆಕ್ಯುರಿಟಿ ಕೀಸ್’ ತೆರೆದು ‘ಕ್ರಿಯೇಟ್ ಎ ಪಾಸ್‌ಕೀ’ ಒತ್ತಿ, ಕೇಳಿದಾಗ ಪಿನ್ ಕೊಡಿ. ಇನ್ನು ಮುಂದೆ ಕುಕೀ ಅಳಿದುಹೋದರೂ ಪಿನ್ ಒತ್ತಿದರೆ ಒಳಗೆ. ಪಾಸ್‌ವರ್ಡೂ ಬೇಡ, ಫೋನ್ ಹುಡುಕುವುದೂ ಬೇಡ. ಆ ಪಿನ್ ಈ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ, ನಕಲಿ ಸೈಟಿಗೆ ಪಾಸ್‌ಕೀ ಹೋಗುವುದೇ ಇಲ್ಲ. ಕಂಪ್ಯೂಟರ್ ಕೆಟ್ಟರೆ ಒದ್ದಾಡದಿರಲು ಫೋನಿನಲ್ಲೂ ಒಂದು ಪಾಸ್‌ಕೀ ಮಾಡಿ, 8 ಅಂಕಿಯ 10 ಬ್ಯಾಕಪ್ ಕೋಡುಗಳನ್ನು ಮುದ್ರಿಸಿ ಬೀರುವಿನಲ್ಲಿ ಇಡಿ. ಒಂದು ಕೋಡು ಒಂದೇ ಸಲ ನಡೆಯುತ್ತದೆ, ಬಳಸಿದ್ದನ್ನು ಹೊಡೆದುಹಾಕಿ. ಹೊರದೇಶದಲ್ಲಿದ್ದು ಊರಿನ ಸಿಮ್‌ಗೆ ಒಟಿಪಿ ಬರದೆ ಪರದಾಡುವವರಿಗಂತೂ ಇದು ಮೊದಲು ಮಾಡಬೇಕಾದ ಕೆಲಸ.

ಇಷ್ಟು ಮಾಡಿಯೂ ದಿನಾ ಕೇಳಿದರೆ ಎಫ್12 ಪಟ್ಟಿಯಲ್ಲಿ ಎರಡನೇ ಸಲ ಏನು ಕಂಡಿತೆಂದು ತಿಳಿಸಿ. ಕುಕೀಯ ಹೆಸರು ಮತ್ತು ತಾರೀಖು ಇದ್ದರೆ ಸಾಕು. ‘ವ್ಯಾಲ್ಯೂ’ ಕಾಲಂ ಇರುವ ಸ್ಕ್ರೀನ್‌ಶಾಟ್ ಮಾತ್ರ ನನಗೂ ಬೇಡ, ಯಾರಿಗೂ ಕಳಿಸಬೇಡಿ. ಅಲ್ಲಿರುವ ಉದ್ದನೆಯ ಅಕ್ಷರಸಾಲೇ ಟೋಕನ್. ಅದು ಸಿಕ್ಕವರಿಗೆ ನಿಮ್ಮ ಪಾಸ್‌ವರ್ಡೂ ಬೇಕಾಗುವುದಿಲ್ಲ, ಒಟಿಪಿಯೂ ಬೇಕಾಗುವುದಿಲ್ಲ. 2023ರ ಮಾರ್ಚ್‌ನಲ್ಲಿ ಲೈನಸ್ ಟೆಕ್ ಟಿಪ್ಸ್ ಎಂಬ ದೊಡ್ಡ ಯೂಟ್ಯೂಬ್ ಚಾನೆಲ್ ಕಳ್ಳರ ಪಾಲಾದದ್ದು ಇದೇ ರೀತಿ: ಮೇಲ್‌ನಲ್ಲಿ ಬಂದ ನಕಲಿ ಕಡತ ತೆರೆದಾಗ ಬ್ರೌಸರಿನ ಸೆಷನ್ ಟೋಕನ್‌ಗಳು ಕಳುವಾಗಿದ್ದವು.