ಎಮರ್ಜೆನ್ಸಿಯಲ್ಲಿ ಪತ್ರಿಕೆಗಳ ಬಾಯಿ ಕಟ್ಟಿದಾಗ ಜನ ಯಾಕೆ ಸುಮ್ಮನಿದ್ದರು?

ನಿಮ್ಮ ಪ್ರಶ್ನೆ ಇಷ್ಟು: 1975ರಲ್ಲಿ ಪತ್ರಿಕೆಗಳಿಗೆ ಸೆನ್ಸಾರ್ ಹಾಕಿದರು, ಜನ ತುಟಿ ಪಿಟಕ್ ಅನ್ನಲಿಲ್ಲ. ಹಾಗಾದರೆ ನಮ್ಮ ಜನಕ್ಕೆ ಪತ್ರಿಕಾ ಸ್ವಾತಂತ್ರ್ಯ ಬೇಕಾಗಿಯೇ ಇರಲಿಲ್ಲವಾ?

ಮೊದಲಿಗೆ, ಯಾರೂ ತುಟಿ ಬಿಚ್ಚಲಿಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಎಮರ್ಜೆನ್ಸಿ ಬಂದು ಕೆಲವೇ ದಿನಗಳಲ್ಲಿ ಅಮೃತಸರದಲ್ಲಿ ಸಿಖ್ಖರ ಪಕ್ಷವಾದ ಅಕಾಲಿ ದಳದವರು ಮೋರ್ಚಾ ಶುರುಮಾಡಿದರು. ನವೆಂಬರ್ 14ರಿಂದ, ವಿರೋಧ ಪಕ್ಷಗಳು ಸೇರಿ ಕಟ್ಟಿದ್ದ ಲೋಕ ಸಂಘರ್ಷ ಸಮಿತಿಯವರು ದೇಶದ ತುಂಬ ಸತ್ಯಾಗ್ರಹ ಮಾಡಿದರು. ನಮ್ಮಲ್ಲೂ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಘೋಷಣೆ ಕೂಗಿ, ಕರಪತ್ರ ತೂರಿ, ಪೊಲೀಸ್ ವ್ಯಾನ್ ಹತ್ತಿ ಜೈಲಿಗೆ ಹೋದರು. ಶಿವರಾಮ ಕಾರಂತರು ಪದ್ಮಭೂಷಣ ವಾಪಸ್ ಕೊಟ್ಟರು. ಆ 21 ತಿಂಗಳಲ್ಲಿ ಒಳಗೆ ಹೋದವರು ಒಂದು ಲಕ್ಷಕ್ಕೂ ಜಾಸ್ತಿ ಅಂತ ಆಮೇಲೆ, ಎಮರ್ಜೆನ್ಸಿಯ ಅತಿರೇಕಗಳನ್ನು ವಿಚಾರಿಸಿದ ಶಾ ಆಯೋಗ ಲೆಕ್ಕ ಕೊಟ್ಟಿತು. ಇದು ಯಾವುದೂ ಪೇಪರಿನಲ್ಲಿ ಸರಿಯಾಗಿ ಬರಲಿಲ್ಲ, ಅಷ್ಟೇ. ಇವತ್ತು ಲೈಬ್ರರಿಗೆ ಹೋಗಿ ಆ ಕಾಲದ ಹಳೇ ಪೇಪರ್ ತಿರುವಿದರೆ ದೇಶ ತಣ್ಣಗಿತ್ತು ಅನಿಸುತ್ತದೆ. ಸೆನ್ಸಾರ್ ಮಾಡಿದ್ದೇ ಹಾಗೆ ಅನಿಸಲಿ ಅಂತ.

ಆದರೂ ಹೆಚ್ಚಿನ ಜನ ಸುಮ್ಮನಿದ್ದರು, ಅದನ್ನು ಅಲ್ಲಗಳೆಯಲ್ಲ. ಯಾಕೆ ಅಂತ ನನಗೆ ತಿಳಿದಷ್ಟು ಹೇಳುತ್ತೇನೆ.

ಒಂದು ಸಣ್ಣ ವಿಷಯ ಎಲ್ಲರೂ ಮರೆಯುತ್ತಾರೆ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿದಾಗ ದೇಶದಲ್ಲಿ ಆಗಲೇ ಒಂದು ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು! 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾದಾಗ ಹೇರಿದ್ದನ್ನು ತೆಗೆದೇ ಇರಲಿಲ್ಲ. ಅದಕ್ಕೂ ಹಿಂದೆ 1962ರಿಂದ 1968ರವರೆಗೆ ಇನ್ನೊಂದು ಇತ್ತು. ಹೀಗಾಗಿ ರೇಡಿಯೋದಲ್ಲಿ ಆ ಹೆಸರು ಕೇಳಿದ ತಕ್ಷಣ ಯಾರಿಗೂ ಎದೆ ಧಸಕ್ ಅನ್ನಲಿಲ್ಲ. ಹೊಸ ಗಣರಾಜ್ಯ, 25 ವರ್ಷ, ಐದು ಲೋಕಸಭಾ ಚುನಾವಣೆ. ಆ ವಯಸ್ಸಿನ ಪ್ರಜಾಪ್ರಭುತ್ವದಲ್ಲಿ ಸರ್ಕಾರ ಹೇಳಿದ್ದನ್ನು ನಂಬುವ ಅಭ್ಯಾಸ ಬೆಳೆದಿತ್ತು. ಅನುಮಾನ ಪಡುವ ಅಭ್ಯಾಸ ಇನ್ನೂ ಬಂದಿರಲಿಲ್ಲ. ದೇಶದಲ್ಲಿ ಓದು ಬರಹ ಬರುತ್ತಿದ್ದದ್ದು ಸುಮಾರು ಮೂವರಲ್ಲಿ ಒಬ್ಬರಿಗೆ. ಉಳಿದ ಇಬ್ಬರಿಗೆ ಆಕಾಶವಾಣಿಯೇ ಪೇಪರ್, ಆಕಾಶವಾಣಿ ಸರ್ಕಾರದ್ದು.

ಇನ್ನು ನಮ್ಮ ಮನೆಯ ಮಾತು. ನಮ್ಮಪ್ಪ ಆಗ ಮಲೆನಾಡಿನ ಒಂದು ಊರಿನ ಪುಟ್ಟ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸುತ್ತಿದ್ದರು. ಅಲ್ಲಿಂದ ನಾಲ್ಕು ಪುಟದ ಒಂದು ವಾರಪತ್ರಿಕೆ ಬರುತ್ತಿತ್ತು. ಪೇಜು ಕಟ್ಟಿದ ಮೇಲೆ ಪ್ರೂಫ್ ತೆಗೆದು, ಮಸಿ ಆರುವ ಮುಂಚೆಯೇ ಹುಡುಗನ ಕೈಲಿ ಅಧಿಕಾರಿಯ ಹತ್ತಿರ ಕಳಿಸಬೇಕಿತ್ತು. ಆತ ಕೆಂಪು ಪೆನ್ಸಿಲಿನಲ್ಲಿ ಗೀಟು ಎಳೆದು ವಾಪಸ್ ಕಳಿಸುತ್ತಿದ್ದ. ಇಂದಿರಾ ಗಾಂಧಿಯವರ ಬಗ್ಗೆ ಬರೆಯುವ ಧೈರ್ಯ ಆ ಪತ್ರಿಕೆಗೆ ಮೊದಲೂ ಇರಲಿಲ್ಲ ಬಿಡಿ. ಗೀಟು ಬೀಳುತ್ತಿದ್ದದ್ದು ಸೊಸೈಟಿಯಲ್ಲಿ ಸೀಮೆಎಣ್ಣೆ ಸಿಗಲಿಲ್ಲ, ಸೇತುವೆ ಕೆಲಸ ನಿಂತಿದೆ ಅನ್ನುವಂಥ ಸುದ್ದಿಗೆ. ಗೀಟು ಬಿದ್ದ ಸಾಲುಗಳನ್ನು ಅಪ್ಪ ಗ್ಯಾಲಿಯಿಂದ ಕಿತ್ತು, ಒಂದೊಂದೇ ಮೊಳೆಯನ್ನು ಅದರದರ ಮನೆಗೆ ಹಾಕುತ್ತಿದ್ದರು.

ಖಾಲಿಯಾದ ಜಾಗಕ್ಕೆ ಏನು ಮಾಡೋದು? ಹಾಗೇ ಬಿಡೋ ಹಾಗಿರಲಿಲ್ಲ. ಶುರುವಿನಲ್ಲಿ, ಜೂನ್ 28ರಂದು, ದೆಹಲಿಯ ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರತಿಭಟಿಸಿತ್ತು. ಆಮೇಲೆ ಖಾಲಿ ಬಿಡುವುದೂ ತಪ್ಪು ಅಂತ ಆಯಿತು. ಹಾಗಾಗಿ ಅಪ್ಪ ಆ ಜಾಗಕ್ಕೆ ಅಡಿಕೆ ಧಾರಣೆ ಹಾಕುತ್ತಿದ್ದರು. ಇಲ್ಲಾಂದ್ರೆ 'ಮಾತು ಕಡಿಮೆ, ದುಡಿಮೆ ಹೆಚ್ಚು' ಅನ್ನುವ ಘೋಷಣೆಯನ್ನು ಬಾಕ್ಸ್ ಕಟ್ಟಿ ಕೂರಿಸುತ್ತಿದ್ದರು. ಅಪ್ಪ ಆಮೇಲೆ ನಗುತ್ತಾ ಹೇಳುತ್ತಿದ್ದ ಮಾತಿದು: ಸುದ್ದಿ ಕಿತ್ತಿದ್ದಕ್ಕೆ ಒಬ್ಬನೂ ಬಂದು ಕೇಳಲಿಲ್ಲವಂತೆ. ಅವಸರದಲ್ಲಿ ಧಾರಣೆ ಒಮ್ಮೆ ತಪ್ಪಾಗಿ ಅಚ್ಚಾದಾಗ ಮಾತ್ರ ತೋಟದವರು ಪ್ರೆಸ್ಸಿನ ಬಾಗಿಲಿಗೇ ಬಂದು ಜಗಳ ತೆಗೆದರಂತೆ.

ಇದನ್ನು ಕೇಳಿದರೆ ನಿಮ್ಮ ಪ್ರಶ್ನೆಗೆ ಹೌದು ಅಂತಲೇ ಉತ್ತರ ಬರಬೇಕು, ಅಲ್ವಾ? ನಾನು ಹಾಗೆ ನೋಡಲ್ಲ. ಕಿತ್ತ ಜಾಗ ಕಾಣುವಂತಿದ್ದರೆ ತಾನೇ ಯಾರಾದರೂ ಕೇಳೋದು? ಧಾರಣೆ ತಪ್ಪಾದದ್ದು ಮಂಡಿಗೆ ಹೋದ ತಕ್ಷಣ ಗೊತ್ತಾಗುತ್ತಿತ್ತು. ಪಕ್ಕದ ತಾಲ್ಲೂಕಿನ ಸೇತುವೆ ಕೆಲಸ ನಿಂತದ್ದು ಈ ಊರಿನವರಿಗೆ ಹೇಗೆ ಗೊತ್ತಾಗಬೇಕು? ಕಿಶೋರ್ ಕುಮಾರ್ ಹಾಡು ಆಕಾಶವಾಣಿಯಲ್ಲಿ ನಿಂತಾಗ ಮಾತ್ರ ಹೋಟೆಲಿನಲ್ಲಿ ಕೂತವರೂ ಏನೋ ಆಗಿದೆ ಅಂತ ಮಾತಾಡಿಕೊಂಡರಂತೆ. ಸರ್ಕಾರದ ಕಾರ್ಯಕ್ರಮಕ್ಕೆ ಹಾಡಲು ಒಪ್ಪಲಿಲ್ಲ ಅಂತ 1976ರಲ್ಲಿ ಅವರ ಹಾಡುಗಳನ್ನೇ ನಿಲ್ಲಿಸಿದ್ದರು. ಮೂರ್ಖತನದ ಕೆಲಸ. ಅಲ್ಲಿಯವರೆಗೆ ಕಾಣದೆ ಇದ್ದ ಸೆನ್ಸಾರನ್ನು ಅವರೇ ಮನೆಮನೆಗೆ ಕೇಳಿಸಿದ ಹಾಗಾಯಿತು.

ದೊಡ್ಡ ಪತ್ರಿಕೆಗಳ ಕಥೆ ಬೇರೆ. ಬಗ್ಗಿ ಅಂದರೆ ತೆವಳಿದರು ಅಂತ ಅಡ್ವಾಣಿಯವರು ಹೇಳಿದ್ದನ್ನು ಎಲ್ಲರೂ ಹೇಳುತ್ತಾರೆ, ನಾನು ಮತ್ತೆ ಎಳೆಯಲ್ಲ. ನ್ಯೂಸ್‌ಪ್ರಿಂಟ್ ಸರ್ಕಾರದ ಕೈಲಿ, ಜಾಹೀರಾತು ಸರ್ಕಾರದ ಕೈಲಿ, ಕರೆಂಟೂ ಸರ್ಕಾರದ ಕೈಲಿ. ಮೊದಲ ರಾತ್ರಿಯೇ ದೆಹಲಿಯ ಬಹಾದುರ್ ಶಾ ಜಫರ್ ಮಾರ್ಗದ ಪ್ರೆಸ್‌ಗಳಿಗೆ ಕರೆಂಟ್ ತೆಗೆದಿದ್ದರು. ಬೇರೆ ಲೈನಿನಲ್ಲಿದ್ದ ಹಿಂದೂಸ್ತಾನ್ ಟೈಮ್ಸ್ ಮತ್ತು ಸ್ಟೇಟ್ಸ್‌ಮನ್ ಮಾತ್ರ ಬೆಳಿಗ್ಗೆ ಹೊರಬಂದವು. 1976ರ ಫೆಬ್ರವರಿಯಲ್ಲಿ ನಾಲ್ಕೂ ಸುದ್ದಿಸಂಸ್ಥೆಗಳನ್ನು ಸೇರಿಸಿ 'ಸಮಾಚಾರ್' ಅಂತ ಒಂದೇ ಮಾಡಿದರು. ಸಂಸತ್ತಿನಲ್ಲಿ ಆಡಿದ ಮಾತನ್ನು ಭಯವಿಲ್ಲದೆ ವರದಿ ಮಾಡಲು 1956ರಲ್ಲಿ ಒಂದು ಕಾನೂನು ಬಂದಿತ್ತು, ಅದನ್ನೂ ರದ್ದು ಮಾಡಿದರು. ಆ ಕಾನೂನು ತಂದವರು ಯಾರು ಗೊತ್ತಾ? ಫಿರೋಜ್ ಗಾಂಧಿ, ಇಂದಿರಾ ಅವರ ಗಂಡ.

ಗಟ್ಟಿಯಾಗಿ ನಿಂತವರು ಹೆಚ್ಚಾಗಿ ಸಣ್ಣ ಪತ್ರಿಕೆಯವರು. ಪುಣೆಯ 'ಸಾಧನಾ', ರಾಜಮೋಹನ ಗಾಂಧಿಯವರ 'ಹಿಮ್ಮತ್'. ಮಿನೂ ಮಸಾನಿಯವರು ತಮ್ಮ 'ಫ್ರೀಡಂ ಫಸ್ಟ್'ಗಾಗಿ ಬಾಂಬೆ ಹೈಕೋರ್ಟಿಗೆ ಹೋಗಿ ಸೆನ್ಸಾರ್ ವಿರುದ್ಧ ಗೆದ್ದರು. ಆದರೆ ಇವನ್ನು ಓದುತ್ತಿದ್ದವರು ಎಷ್ಟು ಜನ?

ನನಗೆ ಮುಖ್ಯ ಅನಿಸುವ ವಿಷಯ ಈಗ ಬರುತ್ತದೆ. 1977ರ ಮಾರ್ಚ್ ಚುನಾವಣೆಯ ಫಲಿತಾಂಶವನ್ನು ಭೂಪಟದ ಮೇಲೆ ಇಟ್ಟು ನೋಡಿ. ಉತ್ತರ ಪ್ರದೇಶದ 85ರಲ್ಲಿ ಕಾಂಗ್ರೆಸ್ಸಿಗೆ ಒಂದೂ ಇಲ್ಲ. ಬಿಹಾರದ 54ರಲ್ಲಿ ಒಂದೂ ಇಲ್ಲ. ರಾಯಬರೇಲಿಯಲ್ಲಿ ಇಂದಿರಾ ಅವರೇ ಸೋತರು. ಕರ್ನಾಟಕದಲ್ಲಿ? 28ರಲ್ಲಿ 26 ಕಾಂಗ್ರೆಸ್. ಜನತಾ ಪಕ್ಷ ಗೆದ್ದದ್ದು ಹಾಸನ ಮತ್ತು ಬೆಂಗಳೂರು ದಕ್ಷಿಣ, ಎರಡೇ.

ಉತ್ತರದವರು ಜಾಸ್ತಿ ಪತ್ರಿಕೆ ಓದುತ್ತಿದ್ದರಾ? ಇಲ್ಲ. ಅವರಿಗೆ ಸುದ್ದಿ ಪೇಪರಿನಿಂದ ಬರಲಿಲ್ಲ, ಮೈಮೇಲೇ ಬಂತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್ ಆದವು. ಬಲವಂತದ ಹೆಚ್ಚಿನ ಪಾಲು ಬಿದ್ದದ್ದು ಹಿಂದಿ ಸೀಮೆಯ ಮೇಲೆ. ಮುಜಫ್ಫರ್‌ನಗರದಲ್ಲಿ ವಿರೋಧಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಪೇಪರಿನಲ್ಲಿ ಬರದಿದ್ದರೂ ಪಕ್ಕದ ಹಳ್ಳಿಗೆ ಅದು ಬಾಯಿಂದ ಬಾಯಿಗೆ ತಲುಪಿತು. ಬಿಬಿಸಿ ಹಿಂದಿಯಲ್ಲಿತ್ತು, ಟ್ರಾನ್ಸಿಸ್ಟರ್ ಇದ್ದವರು ಕದ್ದು ಕೇಳಬಹುದಿತ್ತು. ಕನ್ನಡದಲ್ಲಿ ಅಂಥದ್ದು ಇರಲಿಲ್ಲ. ದೆಹಲಿಯ ತುರ್ಕಮಾನ್ ಗೇಟಿನಲ್ಲಿ ಮನೆ ಕೆಡವಿ, ತಡೆದವರ ಮೇಲೆ ಗುಂಡು ಹಾರಿಸಿದಾಗ ಏನಾಯಿತು ಅಂತ ತಿಪಟೂರಿನವನಿಗೆ ತಿಳಿಸಬೇಕಾಗಿದ್ದದ್ದು ಕನ್ನಡ ಪತ್ರಿಕೆ. ಅದರ ಬಾಯಿಗೆ ಬೀಗ. ಬಾಯಿಮಾತು ವಿಂಧ್ಯ ದಾಟಿ ಇಷ್ಟು ದೂರ ಬರಲಿಲ್ಲ.

ದೆಹಲಿಯ ಮಾತು ಬಿಡಿ, ಬೆಂಗಳೂರಿನದ್ದೇ ಬರಲಿಲ್ಲ. ಈಗ ಫ್ರೀಡಂ ಪಾರ್ಕ್ ಇರುವ ಜಾಗದಲ್ಲಿ ಆಗ ಸೆಂಟ್ರಲ್ ಜೈಲಿತ್ತು. ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನು ಬೆಂಗಳೂರಿನಲ್ಲೇ ಹಿಡಿದು ಅಲ್ಲಿಟ್ಟರು. ನಟಿ ಸ್ನೇಹಲತಾ ರೆಡ್ಡಿಯವರೂ ಅಲ್ಲೇ ಇದ್ದರು. ಅವರಿಗೆ ಅಸ್ತಮಾ. ತಿಂಗಳುಗಟ್ಟಲೆ ಒಳಗಿಟ್ಟು, ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿಯಲ್ಲಿ ಪೆರೋಲ್ ಕೊಟ್ಟರು. ಕೆಲವೇ ದಿನಗಳಲ್ಲಿ, ಜನವರಿ 20ರಂದು ತೀರಿಕೊಂಡರು. ಆ ಜೈಲಿನ ಗೋಡೆ ಪಕ್ಕದಲ್ಲೇ ದಿನಾ ಬಸ್ಸಿನಲ್ಲಿ ಆಫೀಸಿಗೆ ಹೋಗುತ್ತಿದ್ದವರಿಗೆ ಒಳಗೆ ಇವರು ಹೀಗೆ ನರಳುತ್ತಿದ್ದಾರೆ ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲದವನನ್ನು ನಿರ್ಲಕ್ಷ್ಯ ಮಾಡಿದ ಅಂತ ಬೈಯೋದು ನ್ಯಾಯ ಅಲ್ಲ.

ಇಲ್ಲಿ ಒಂದು ಮಾತು ಸೇರಿಸಲೇಬೇಕು, ಇಲ್ಲಾಂದ್ರೆ ನನ್ನ ಉತ್ತರ ಅರ್ಧ ಆಗುತ್ತದೆ. ಅದೇ ಹೊತ್ತಿನಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣೆ ನಡೆಸುತ್ತಿತ್ತು. ಮಲೆನಾಡು, ಕರಾವಳಿಯ ಗೇಣಿದಾರರು, ಉಳುವ ಜಮೀನು ತಮ್ಮ ಹೆಸರಿಗೆ ಆಗಲಿ ಅಂತ ಫಾರಂ ನಂಬರ್ 7 ತುಂಬಿ, ಡಿಕ್ಲರೇಷನ್ ಹಾಕಿ ಟ್ರಿಬ್ಯೂನಲ್ ಮುಂದೆ ನಿಂತಿದ್ದರು. ತಲೆಮಾರುಗಳಿಂದ ಗೇಣಿ ಅಳೆದ ಮನೆಗೆ ಮೊದಲ ಸಲ ಸ್ವಂತ ಪಹಣಿ ಬರುವ ಕಾಲ. ಆ ಮನುಷ್ಯನಿಗೆ ಸಂಪಾದಕೀಯದ ಸ್ವಾತಂತ್ರ್ಯ ಹೋಯಿತು ಅಂತ ನೀವು ಹೋಗಿ ಹೇಳಿದ್ದರೆ ಏನು ಅನ್ನುತ್ತಿದ್ದ? ಅವನ ಗೇಣಿಯ ಕಷ್ಟವನ್ನು ಆ ಪತ್ರಿಕೆಗಳು ಎಷ್ಟು ಬರೆದಿದ್ದವು ಅಂತ ತಿರುಗಿ ಕೇಳುತ್ತಿದ್ದ. ಕೇಳುವ ಹಕ್ಕು ಅವನಿಗಿತ್ತು. ಪತ್ರಿಕೆ ಪೇಟೆಯವರದ್ದು, ಜಮೀನಿದ್ದವರದ್ದು. ತನ್ನದಲ್ಲದ ವಸ್ತು ಕಳೆದುಹೋದರೆ ಯಾರು ಕಂಪ್ಲೇಂಟ್ ಕೊಡುತ್ತಾರೆ?

ಆದ್ದರಿಂದ ನನ್ನ ಉತ್ತರದಲ್ಲಿ ಎರಡು ಎಳೆ ಇದೆ. ಸೆನ್ಸಾರ್ ಒಂದೂರಿನ ನೋವನ್ನು ಇನ್ನೊಂದೂರಿಗೆ ಮುಟ್ಟದ ಹಾಗೆ ನೋಡಿಕೊಂಡಿತು. ಮುಟ್ಟಿಸಬೇಕಾದ ಪತ್ರಿಕೆಗಳು, ಬಾಯಿ ಕಟ್ಟುವ ಮುಂಚೆಯೂ ಬಹಳ ಜನರ ಮನೆ ಮುಟ್ಟಿರಲಿಲ್ಲ.

ಈ ಲೆಕ್ಕಾಚಾರ ಒಂದು ಕಡೆ ಕೈಕೊಡುತ್ತದೆ, ಅದನ್ನು ಮುಚ್ಚಿಡಲ್ಲ. 1978ರ ನವೆಂಬರ್, ಚಿಕ್ಕಮಗಳೂರು ಉಪಚುನಾವಣೆ. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟಿಗೆ ಇಂದಿರಾ ಗಾಂಧಿ ನಿಂತರು, ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲ್. ಆ ಹೊತ್ತಿಗೆ ಸೆನ್ಸಾರ್ ಹೋಗಿ ಒಂದೂವರೆ ವರ್ಷದ ಮೇಲಾಗಿತ್ತು. ಶಾ ಆಯೋಗದ ವಿಚಾರಣೆಯನ್ನು ಪತ್ರಿಕೆಗಳು ಪುಟಗಟ್ಟಲೆ ಬರೆದಿದ್ದವು. ಅಷ್ಟೆಲ್ಲ ಆದಮೇಲೂ ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ಅಲ್ಲಿನ ಮತದಾರರಿಗೆ ಗೊತ್ತಿರಲಿಲ್ಲ ಅಂತ ಇಲ್ಲಿ ಹೇಳೋ ಹಾಗಿಲ್ಲ. ಗೊತ್ತಿತ್ತು. ಗೊತ್ತಿದ್ದೂ ಪಹಣಿ ಒಂದು ಕಡೆ, ದೆಹಲಿಯ ಹಾವಳಿ ಇನ್ನೊಂದು ಕಡೆ ಇಟ್ಟು ತೂಗಿದರು. ಅವರು ಹಾಕಿದ ಮತದ ಬಗ್ಗೆ ನನಗೆ ಇವತ್ತಿಗೂ ತಕರಾರಿದೆ. ಆದರೆ ಅಷ್ಟು ಯೋಚಿಸಿ, ಕ್ಯೂನಲ್ಲಿ ನಿಂತು ವೋಟು ಹಾಕಿದವರನ್ನು ಯಾವುದಕ್ಕೂ ತಲೆ ಕೆಡಿಸಿಕೊಳ್ಳದವರು ಅಂತ ಕರೆಯೋಕೆ ನನ್ನ ಕೈಲಾಗಲ್ಲ.