ಕುರ್ಟಾಗ್ ಕೇಳುವ ಮುಂಚೆ ಶಫಲ್ ಆಫ್ ಮಾಡಿ

ಹಂಗೇರಿಯ ಸಂಯೋಜಕ ಜ್ಯೋರ್ಜ್ ಕುರ್ಟಾಗ್ ಬಗ್ಗೆ ಬರುವ ಪ್ರಶ್ನೆಗಳು ತಿರುಗಿ ತಿರುಗಿ ಅವೇ. ಪಿಯಾನೊ ಕಲಿಸುವವರಿಗೆ ಇವನ್ನು ಓದಿ ಓದಿ ಸಾಕಾಗಿದೆ. ಒಂದು ಸಲ ಸರಿಯಾಗಿ ಬರೆದುಬಿಡುತ್ತೇನೆ. ಪಿಯಾನೊ ಅಂದರೇನು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಅಂದರೇನು ಅಂತ ಇಲ್ಲಿ ಹೇಳುವುದಿಲ್ಲ.

ಕುರ್ಟಾಗ್ ಹಂಗೇರಿಯ ಹೆಸರಾಂತ ಸಂಯೋಜಕ ಬಾರ್ಟೋಕ್ ಅವರ ಶಿಷ್ಯರಂತೆ, ಹೌದಾ?

ಅಲ್ಲ. ಬಾರ್ಟೋಕ್ ಅಮೆರಿಕದಿಂದ ವಾಪಸ್ ಬರುತ್ತಾರೆ, ಅವರ ಹತ್ತಿರ ಕಲಿಯಬಹುದು ಅಂತ ಆಸೆಯಿಟ್ಟುಕೊಂಡೇ ಕುರ್ಟಾಗ್, ಅವರ ಹಾಗೇ ಸಂಯೋಜಕರಾದ ಲಿಗೆಟಿ ಇಬ್ಬರೂ 1945ರಲ್ಲಿ ಬುಡಾಪೆಸ್ಟಿನ ಲಿಸ್ಟ್ ಅಕಾಡೆಮಿಯ ಪ್ರವೇಶ ಪರೀಕ್ಷೆಗೆ ಹೋಗಿದ್ದರು. ಅಲ್ಲಿ ಕಂಡದ್ದು ಕಪ್ಪು ಬಾವುಟ. ಬಾರ್ಟೋಕ್ ನ್ಯೂಯಾರ್ಕಿನಲ್ಲಿ ತೀರಿಕೊಂಡಿದ್ದರು.

ಶ್ರುತಿಯನ್ನು 432 ಹರ್ಟ್ಸ್‌ಗೆ ಇಳಿಸಿದ ಆವೃತ್ತಿ ಕೇಳಿದರೆ ಮನಸ್ಸಿಗೆ, ದೇಹಕ್ಕೆ ಒಳ್ಳೆಯದಂತೆ?

ಸುಳ್ಳು. ಹಾಗೆ ಹೇಳಿ ದುಡ್ಡು ಕೇಳುವವರನ್ನು ದೂರವಿಡಿ. ನಿದ್ದೆ ಬರದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಕುರ್ಟಾಗ್ ಅವರ ಪುಟ್ಟ ಪಿಯಾನೊ ತುಣುಕುಗಳ ಸಂಗ್ರಹ ‘ಯಾಟೇಕೋಕ್’ (‘ಆಟಗಳು’) ಹಾಕಿದೆ. ಎಷ್ಟೋ ಟ್ರ್ಯಾಕ್ ಒಂದು ನಿಮಿಷವೂ ಇಲ್ಲ. ನಾಲ್ಕು ಸ್ವರ ನುಡಿಸಿ ನಿಲ್ಲಿಸುತ್ತಾರೆ. ಕುರ್ಟಾಗ್ ಅವರೂ ಹೆಂಡತಿ ಮಾರ್ತಾ ಅವರೂ ಒಟ್ಟಿಗೆ ನುಡಿಸುವ ವಿಡಿಯೊದಲ್ಲಂತೂ ಶಬ್ದವೇ ಮಂಕು. ರೆಕಾರ್ಡಿಂಗ್ ಕೆಟ್ಟಿದೆಯಾ? ಇದನ್ನು ಕೇಳುವುದಾದರೂ ಹೇಗೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಹಾಗಾಗಿ ಇದಕ್ಕೇ ಜಾಸ್ತಿ ಜಾಗ.

ರೆಕಾರ್ಡಿಂಗ್ ಕೆಟ್ಟಿಲ್ಲ, ನಿಮ್ಮ ಇಯರ್‌ಫೋನೂ ಕೆಟ್ಟಿಲ್ಲ. ಕುರ್ಟಾಗ್ ಮತ್ತು ಮಾರ್ತಾ ಕಛೇರಿಗಳಲ್ಲಿ ದೊಡ್ಡ ಗ್ರ್ಯಾಂಡ್ ಪಿಯಾನೊ ಬಿಟ್ಟು, ಮನೆಗಳಲ್ಲಿ ಇರುತ್ತದಲ್ಲ, ಆ ನೆಟ್ಟಗೆ ನಿಲ್ಲುವ ಅಪ್‌ರೈಟ್ ಪಿಯಾನೊ ಬಳಸುತ್ತಿದ್ದರು. ಅದರಲ್ಲಿ ನೆರೆಯವರಿಗೆ ತೊಂದರೆಯಾಗದಂತೆ ಅಭ್ಯಾಸ ಮಾಡಲು ಒಂದು ಪೆಡಲ್ ಇರುತ್ತದೆ. ಅದನ್ನು ಒತ್ತಿದರೆ ಸುತ್ತಿಗೆಗೂ ತಂತಿಗೂ ನಡುವೆ ಒಂದು ಫೆಲ್ಟ್ ಪಟ್ಟಿ ಇಳಿಯುತ್ತದೆ. ಬೇರೆಯವರು ಅಭ್ಯಾಸಕ್ಕೆ ಮಾತ್ರ ಬಳಸುವ ಆ ಪೆಡಲನ್ನು ಇವರು ವೇದಿಕೆಯ ಮೇಲೆ ಒತ್ತಿಟ್ಟು, ಮೈಕ್ ಇಟ್ಟು, ಆ ಮೆತ್ತನೆಯ ನಾದವನ್ನೇ ಜನರಿಗೆ ಕೇಳಿಸಿದರು. ಬೇಕೆಂದೇ ಆರಿಸಿಕೊಂಡ ನಾದ ಅದು. ಅದನ್ನು ಈಕ್ವಲೈಸರ್ ಹಾಕಿ ‘ಸರಿಮಾಡಿದೆ’ ಅಂತ ಒಬ್ಬರು ಬರೆದಿದ್ದರು. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನು ಚಿಕ್ಕದು ಅನ್ನುವ ದೂರು. ಕುರ್ಟಾಗ್ ಸಂಗೀತ ಚಿಕ್ಕದಾಗಿರುವುದಕ್ಕೆ ಕಾರಣ ಅವರ ಜೀವನದಲ್ಲೇ ಇದೆ. 1957–58ರಲ್ಲಿ ಅವರು ಪ್ಯಾರಿಸ್‌ನಲ್ಲಿದ್ದರು. ಸಂಯೋಜಕರಾದ ಮೆಸ್ಸಿಯಾನ್, ಮಿಲೋ ಅವರ ತರಗತಿಗಳಿಗೆ ಹೋಗುತ್ತಿದ್ದರು. ಆದರೆ ಒಳಗೆ ಪೂರ್ತಿ ಕುಸಿದಿದ್ದರು, ಬರೆಯಲು ಆಗುತ್ತಿರಲಿಲ್ಲ. ಮರಿಯಾನ್ ಸ್ಟೈನ್ ಎಂಬ ಮನಶ್ಶಾಸ್ತ್ರಜ್ಞೆ ಅವರನ್ನು ಮತ್ತೆ ಮೊದಲಿನಿಂದ ಶುರುಮಾಡಿಸಿದರು: ಎರಡೇ ಎರಡು ಸ್ವರ ತೆಗೆದುಕೊಂಡು ಒಂದಕ್ಕೊಂದು ಜೋಡಿಸುವುದರಿಂದ. 1959ರಲ್ಲಿ ಬಂದ ತಂತಿವಾದ್ಯ ಚತುಷ್ಟಯಕ್ಕೆ ಅವರು ‘ಓಪಸ್ 1’, ಅಂದರೆ ಮೊದಲ ಕೃತಿ, ಅಂತ ಸಂಖ್ಯೆ ಕೊಟ್ಟು ಅದನ್ನು ಸ್ಟೈನ್ ಅವರಿಗೇ ಅರ್ಪಿಸಿದರು. ಆಗ ಅವರಿಗೆ 33 ವರ್ಷ. ಹಿಂದೆ ಬರೆದದ್ದಕ್ಕೆ ಆ ಲೆಕ್ಕದಲ್ಲಿ ಜಾಗ ಸಿಗಲಿಲ್ಲ. ಅಲ್ಲಿಂದ ಮುಂದೆ ಒಂದು ಸ್ವರ ಇನ್ನೊಂದಕ್ಕೆ ಹೇಗೆ ಹೋಗುತ್ತದೆ ಅನ್ನುವುದೇ ಅವರ ಇಡೀ ಕೆಲಸ. ನಾಲ್ಕು ಸ್ವರದಲ್ಲಿ ಹೇಳಿ ಮುಗಿದರೆ ಐದನೆಯದನ್ನು ಬರೆಯುವುದಿಲ್ಲ, ಅಷ್ಟೇ.

ಹಾಗಾಗಿ ಕೇಳುವ ಕ್ರಮ ಬಹಳ ಮುಖ್ಯ. ಶಫಲ್ ಆಫ್ ಮಾಡಿ. ಆ್ಯಪ್‌ನಲ್ಲಿ ಕ್ರಾಸ್‌ಫೇಡ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ, ಒಂದು ಟ್ರ್ಯಾಕಿನ ಬಾಲವನ್ನು ಮುಂದಿನದರ ತಲೆಗೆ ಕಲಸುವಂಥದ್ದು, ಅದನ್ನೂ ಆಫ್ ಮಾಡಿ, ಯಾಕಂದರೆ ಇಲ್ಲಿ ಕೊನೆಯ ಸ್ವರ ಆರಿದ ಮೇಲಿನ ಮೌನವೂ ರಚನೆಯ ಭಾಗ. ವಾಲ್ಯೂಮ್ ನಾರ್ಮಲೈಸ್ ಬೇಡವೇ ಬೇಡ. ಪಿಸುಮಾತನ್ನೂ ಕೂಗನ್ನೂ ಒಂದೇ ಎತ್ತರಕ್ಕೆ ತಂದರೆ ಕುರ್ಟಾಗ್ ಉಳಿಯುವುದಿಲ್ಲ. ಟ್ರಾಫಿಕ್‌ನಲ್ಲಿ ಕೇಳಬೇಡಿ, ಅಡುಗೆ ಮಾಡುತ್ತಾ ಕೇಳಬೇಡಿ.

ಯಾವುದರಿಂದ ಶುರುಮಾಡಬೇಕು? ನನ್ನ ಉತ್ತರ ಯಾವಾಗಲೂ ಒಂದೇ: ಇಸಿಎಂ ಎಂಬ ರೆಕಾರ್ಡ್ ಕಂಪನಿಯ 1997ರ ಆಲ್ಬಂ, ದಂಪತಿ ಇಬ್ಬರೇ ನುಡಿಸಿದ್ದು. ಯಾಟೇಕೋಕ್‌ನ ತುಣುಕುಗಳ ನಡುವೆ ಬಾಖ್ ರಚನೆಗಳನ್ನು ನಾಲ್ಕು ಕೈಗಳಿಗೆ ಹೊಂದಿಸಿ ಸೇರಿಸಿದ್ದಾರೆ. ಒಂದು ಪುಟ್ಟ ಒರಟು ತುಣುಕು ಮುಗಿದು, ಬಾಖ್ ಅವರ ‘ಗಾಟೆಸ್ ಟ್ಸೈಟ್’ ಕ್ಯಾಂಟಾಟಾದ (ವಾದ್ಯಗಳೊಡನೆ ಹಾಡುವ ಕೃತಿ) ಸೊನಾಟಿನಾ, ಅಂದರೆ ಆರಂಭದ ಪುಟ್ಟ ವಾದ್ಯಭಾಗ, ಶುರುವಾದಾಗ ಕಿವಿ ತಾನಾಗಿ ತೆರೆದುಕೊಳ್ಳುತ್ತದೆ. ಅದನ್ನು ಮೊದಲಿನಿಂದ ಕೊನೆವರೆಗೆ ಒಂದೇ ಸಲ ಕೇಳಿ. ಬಿಡಿ ಬಿಡಿಯಾಗಿ ಪ್ಲೇಲಿಸ್ಟಿಗೆ ಹಾಕಿಕೊಂಡು ‘ಏನೂ ಅನಿಸಲಿಲ್ಲ’ ಅನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ.

ಆಮೇಲೆ ‘ಕಾಫ್ಕಾ ತುಣುಕುಗಳು’. ಒಬ್ಬ ಗಾಯಕಿ, ಒಂದು ಪಿಟೀಲು, ಕಾಫ್ಕಾನ ದಿನಚರಿ ಮತ್ತು ಪತ್ರಗಳಿಂದ ಆರಿಸಿದ 40 ತುಣುಕುಗಳು. ಯೂಲಿಯಾನೆ ಬಾನ್ಸೆ ಹಾಡಿ, ಆಂಡ್ರಾಶ್ ಕೆಲ್ಲರ್ ಪಿಟೀಲು ನುಡಿಸಿದ ಧ್ವನಿಮುದ್ರಣ ಹುಡುಕಿ. ಸಾಹಿತ್ಯದ ಅನುವಾದ ಕಣ್ಣ ಮುಂದೆ ಇರಲೇಬೇಕು. ಎರಡನೆಯ ಭಾಗದಲ್ಲಿ ಒಂದೇ ಒಂದು ತುಣುಕಿದೆ, ಉದ್ದನೆಯದು, ನಿಧಾನದ್ದು. ಅದನ್ನು ಹಾರಿಸಿಕೊಂಡು ಹೋಗಬೇಡಿ. ಉಳಿದದ್ದರ ಚುರುಕು, ನಗು, ಭಯ ಎಲ್ಲದರ ತೂಕ ಗೊತ್ತಾಗುವುದು ಅಲ್ಲಿ ನಿಂತು ಕೇಳಿದಾಗಲೇ.

ದೊಡ್ಡ ಆರ್ಕೆಸ್ಟ್ರಾ ಬೇಕಾದರೆ ‘ಸ್ಟೇಲೆ’. 1994ರಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ಮೊದಲು ನುಡಿಸಿದ್ದು, ಅಬಾಡೊ ನಿರ್ದೇಶನ. ಅವರದೇ ಧ್ವನಿಮುದ್ರಣದಲ್ಲಿ ಜೊತೆಗೆ ಜರ್ಮನ್ ಸಂಯೋಜಕ ಸ್ಟಾಕ್‌ಹೌಸನ್ ಅವರ ‘ಗ್ರುಪ್ಪೆನ್’ ಕೂಡ ಇದೆ. ಪ್ಯಾರಿಸ್‌ನಿಂದ ಊರಿಗೆ ವಾಪಸ್ ಹೋಗುವಾಗ ಕುರ್ಟಾಗ್ ಕಲೋನ್‌ನಲ್ಲಿ ಕೇಳಿ ಬೆರಗಾಗಿದ್ದು ಅದೇ ರಚನೆಯನ್ನು. ಎರಡನ್ನೂ ಒಟ್ಟಿಗೆ ಕೇಳಿ.

ಮೊದಲ ಆಪೆರಾ ಬಂದಾಗ 92 ವರ್ಷವಂತೆ. ಅಲ್ಲಿವರೆಗೆ ಏನು ಮಾಡುತ್ತಿದ್ದರು?

ಪಾಠ ಹೇಳುತ್ತಿದ್ದರು. 1967ರಿಂದ ಲಿಸ್ಟ್ ಅಕಾಡೆಮಿಯಲ್ಲಿ. ಪಿಯಾನೊ ವಾದಕರಾದ ಆಂಡ್ರಾಶ್ ಶಿಫ್, ಝೋಲ್ಟಾನ್ ಕೋಚಿಶ್ ಇಬ್ಬರೂ ಕುರ್ಟಾಗ್ ಕೈಕೆಳಗೆ ಕಲಿತವರು. 1968ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಅವರ ದೊಡ್ಡ ಕೃತಿಯೊಂದನ್ನು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. 1981ರಲ್ಲಿ ಪ್ಯಾರಿಸ್‌ನಲ್ಲಿ ‘ಟ್ರೂಸೊವಾ’ ಗೀತೆಗಳು ಹಾಡಲ್ಪಟ್ಟ ಮೇಲೆ ಪಶ್ಚಿಮ ಯುರೋಪ್ ತಿರುಗಿ ನೋಡಿತು, ಆಗ ಅವರಿಗೆ 55ರ ಹತ್ತಿರ. ಬೆಕೆಟ್ ನಾಟಕ ಆಧರಿಸಿದ ‘ಫಿನ್ ದ ಪಾರ್ಟಿ’ 2018ರಲ್ಲಿ ಮಿಲಾನ್‌ನ ಲಾ ಸ್ಕಾಲಾದಲ್ಲಿ ಬಂತು. ಮುಂದಿನ ವರ್ಷ ಮಾರ್ತಾ ತೀರಿಕೊಂಡರು. 70 ವರ್ಷಕ್ಕೂ ಮೀರಿದ ಜೊತೆ ಅವರದು. ಕುರ್ಟಾಗ್ ಕೆಲಸವನ್ನು ಮೊದಲು ಕೇಳಿ ತೂಗುತ್ತಿದ್ದ ಕಿವಿ ಮಾರ್ತಾ ಅವರದೇ. ‘ಲೇಟಾಗಿ ಅರಳಿದ ಪ್ರತಿಭೆ’ ಅಂತ ಬರೆಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಅವರು ಕೆಲಸ ಮಾಡುತ್ತಲೇ ಇದ್ದರು, ನಾವು ಕೇಳುತ್ತಿರಲಿಲ್ಲ.

ನಮ್ಮ ರಾಗ ಸಂಗೀತಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇಲ್ಲ. ಸುಮ್ನೆ ಹುಡುಕಬೇಡಿ.

ಯಾಟೇಕೋಕ್‌ನಲ್ಲಿ ಅಂಗೈ, ಮೊಣಕೈ ಎಲ್ಲ ಬಳಸಿ ನುಡಿಸಬೇಕಂತೆ. ಮಗಳಿಗೆ 8 ವರ್ಷ, ಮನೆಯಲ್ಲಿ 61 ಕೀಗಳ ಕೀಬೋರ್ಡ್ ಇದೆ. ಕಲಿಸಬಹುದಾ?

ಕಲಿಸಬಹುದು, ಆದರೆ ಆ ಕೀಬೋರ್ಡಿನಲ್ಲಿ ಬೇಡ. 1973ರಲ್ಲಿ ಕುರ್ಟಾಗ್ ಇದನ್ನು ಬರೆಯಲು ಶುರುಮಾಡಿದ್ದು ಮಕ್ಕಳಿಗಾಗಿಯೇ. ಮಗು ಪಿಯಾನೊವನ್ನು ಮೊದಲ ದಿನವೇ ಉದ್ದಕ್ಕೂ ಮುಟ್ಟಲಿ ಅಂತ. ತಂತಿಗಳು ಒಟ್ಟಿಗೆ ಕಂಪಿಸುವುದು ಕೇಳದಿದ್ದರೆ ಅಂಗೈ ಇಟ್ಟು ಏನು ಪ್ರಯೋಜನ? ಪಿಯಾನೊ ಇರುವ ಯಾರದಾದರೂ ಮನೆಗೆ, ಶಾಲೆಗೆ ಕರೆದುಕೊಂಡು ಹೋಗಿ. ಕೈಯ ಭಾರ ಕೀಗಳ ಮೇಲೆ ಇಳಿಯಬೇಕು, ಮುಷ್ಟಿಯಿಂದ ಗುದ್ದಬಾರದು. ಗ್ಲಿಸಾಂಡೊ, ಅಂದರೆ ಕೀಗಳ ಮೇಲೆ ಜಾರಿಸುವಾಗ, ಉಗುರಿನ ಕಡೆಯಿಂದ ಜಾರಿಸಲಿ, ಒಂದೆರಡು ಸಲ ಸಾಕು. ಬೆರಳಿನ ಚರ್ಮ ಕೆಂಪಾದರೆ ಆ ದಿನಕ್ಕೆ ನಿಲ್ಲಿಸಿ.